ಭಾವ ಕೊಟ್ಟ ಚಂದ್ರಿಕೆಗಳು

ನಮ್ಮ ಭಾವ ನಗುವಾಗ ಮೊದಲು ಹೊಟ್ಟೆ ಅಲುಗುತ್ತಿತ್ತು, ಆಮೇಲೆ ಭುಜ. ಸದ್ದು ಬರುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟರೊಳಗೆ ಎದುರಿಗಿದ್ದವರು ನಕ್ಕು ಮುಗಿಸಿರುತ್ತಿದ್ದರು. ಚರ್ಚಿನಲ್ಲಿ ಮುಂದಿನ ಬೆಂಚೇ ಅವರ ಜಾಗ. ಅವರ ಬೆನ್ನು ಕುಣಿದರೆ, ಸ್ವಾಮಿಗಳು ಪ್ರಸಂಗದಲ್ಲಿ ಏನೋ ತಮಾಷೆ ಹೇಳಿದ್ದಾರೆಂದು ಹಿಂದೆ ಕೂತವರಿಗೆ ಗೊತ್ತಾಗುತ್ತಿತ್ತು.

ಅವರು ನನ್ನ ಅಕ್ಕನ ಗಂಡ. ಮರಳವಾಡಿಯ ಹತ್ತಿರ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ನಾನು ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು. ರಾಮನಗರದಲ್ಲಿ ನೌಕರಿ ಮಾಡಿ ನಿವೃತ್ತನಾದೆ. ನನ್ನ ಬೀರುವಿನಲ್ಲಿ ಕೆಟ್ಟುಹೋದ ಟಾರ್ಚಿಗೂ ಒಂದು ಜಾಗವಿದೆ. ಅದನ್ನು ಕಂಡರೆ ಭಾವನಿಗೆ ತಡೆಯಲಾಗುತ್ತಿರಲಿಲ್ಲ. “ಎಲ್ಲಾ ಇಟ್ಕಂಡು ಕಾವಲು ಕೂತಿದ್ದೀಯಲ್ಲ ಬಾಮೈದ, ಸಂಬಳ ಯಾರು ಕೊಡ್ತಾರೆ?” ಎಂದು ಕೇಳುತ್ತಿದ್ದರು.

ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ನಮ್ಮವರು ಮಾಂಸ ಬಿಡುತ್ತಾರೆ. ಭಾವ ಅದರ ಜೊತೆಗೆ ಒಂದು ವಸ್ತುವನ್ನೂ ಬಿಡುತ್ತಿದ್ದರು. ಬೇಡದ್ದನ್ನು ಕೊಡುವುದು ಮನೆ ಗುಡಿಸಿದ ಹಾಗೆ, ಅದರಲ್ಲೇನೂ ಇಲ್ಲ ಎನ್ನುವುದು ಅವರ ವಾದ. ಕೊಟ್ಟ ಮೇಲೆ ಕೈ ಅದನ್ನು ತಡಕಾಡಬೇಕು, ಅಂಥದ್ದನ್ನೇ ಕೊಡಬೇಕು. ಒಂದು ವರ್ಷ ಹುಳುಮನೆಯಲ್ಲಿ ಹಾಡುತ್ತಿದ್ದ ರೇಡಿಯೊ ಹೋಯಿತು, ಇನ್ನೊಂದು ವರ್ಷ ನಾನೇ ತಂದುಕೊಟ್ಟಿದ್ದ ಕೈಗಡಿಯಾರ. ಒಂದು ಸಲ ಹುಮ್ಮಸ್ಸಿನಲ್ಲಿ ಅಕ್ಕನ ಮಿಕ್ಸಿಯನ್ನೇ ಹೊಸದಾಗಿ ಸಂಸಾರ ಹೂಡಿದ್ದ ಹುಡುಗಿಯೊಬ್ಬಳಿಗೆ ಕೊಟ್ಟು ಬಂದರು. ಅಕ್ಕ ಜಗಳವಾಡಲಿಲ್ಲ. ಒರಳುಕಲ್ಲು ತೊಳೆದು, ಅವರ ಮುಂದೆ ತೆಂಗಿನಕಾಯಿ, ಮೆಣಸಿನಕಾಯಿ ಇಟ್ಟಳು.

“ಬಿಟ್ಟೋರು ನೀವು. ರುಬ್ಬೋರೂ ನೀವೇ.”

ಈಸ್ಟರ್ ತನಕ ರುಬ್ಬಿದರು. ಚಟ್ನಿ ತರಿತರಿಯಾಗಿದ್ದರೂ ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ಇರುವುದನ್ನೆಲ್ಲ ಮಾರಿ ನನ್ನ ಹಿಂದೆ ಬಾ ಎಂದು ಯೇಸು ಕರೆದಾಗ ಮುಖ ಬಾಡಿಸಿಕೊಂಡು ಹೊರಟುಹೋದ ಸಿರಿವಂತ ಹುಡುಗನ ವಿಷಯ ಚರ್ಚಿನಲ್ಲಿ ಬಂದಾಗಲೆಲ್ಲ ಭಾವ ಅವನ ಪರ ನಿಲ್ಲುತ್ತಿದ್ದರು. ಪಾಪ, ಅವನು ಹೆಂಡತಿಯನ್ನು ಕೇಳಿಕೊಂಡು ಬರೋಣವೆಂದು ಹೋಗಿರಬೇಕು ಎನ್ನುತ್ತಿದ್ದರು.

ಏನು ಕೊಡಬೇಕೆಂಬುದನ್ನು ಪ್ರತಿ ವರ್ಷ ಅವರೇ ಆರಿಸಿಕೊಳ್ಳುತ್ತಿದ್ದರು. ಒಂದು ವರ್ಷ ಹಾಗಾಗಲಿಲ್ಲ.

ಪಕ್ಕದ ತೋಟದವನು ಬದುವಿನ ವಿಚಾರಕ್ಕೆ ಭಾವನ ಮೇಲೆ ಕನಕಪುರದ ಕೋರ್ಟಿನಲ್ಲಿ ಕೇಸು ಹಾಕಿದ್ದ. ಎರಡು ಮನೆಗೂ ಮಾತು ನಿಂತಿತ್ತು. ಆ ತಪಸ್ಸು ಕಾಲದಲ್ಲಿ ಭಾವ ತಮ್ಮ ಹೊಸ ಟಾರ್ಪಾಲನ್ನು ಯಾರಿಗೋ ಕೊಟ್ಟು ಹಗುರಾಗಿದ್ದರು. ಹುಳುಗಳು ಮೇಯುವುದು ನಿಲ್ಲಿಸಿ ಹಣ್ಣಾಗುವುದರಲ್ಲಿದ್ದವು. ಹಣ್ಣಾದ ಹುಳುವನ್ನು ಕೂಡಲೇ ಚಂದ್ರಿಕೆ ಎಂಬ ಬಿದಿರಿನ ಅಗಲವಾದ ತಟ್ಟಿಯ ಮೇಲೆ ಬಿಡಬೇಕು, ಅದರ ಸುತ್ತುಗಳಲ್ಲಿ ಅದು ಗೂಡು ಕಟ್ಟುತ್ತದೆ. ತಡವಾದರೆ ಸಿಕ್ಕಸಿಕ್ಕಲ್ಲಿ ರೇಷ್ಮೆ ಉಗುಳಿ ಬೆಳೆಯೇ ಹಾಳು. ಆ ಬೆಳೆಯನ್ನು ನಂಬಿ ಅಕ್ಕ ಅಡುಗೆಮನೆಗೆ ಹೊಸ ಮಾಡು ಹಾಕಿಸಲು ಹೊರಟಿದ್ದಳು. ಹಳೆಯ ಶೀಟು ಸೀಳಿ, ಮಳೆ ಬಂದರೆ ನೀರು ನೇರ ಒಲೆಯ ಮೇಲೇ ಬೀಳುತ್ತಿತ್ತು.

ಅವತ್ತು ಭಾನುವಾರ, ನಾನೂ ಅಲ್ಲಿದ್ದೆ. ಪಕ್ಕದ ತೋಟದವನು ಬಂದು ಗೇಟಿನ ಹೊರಗೇ ನಿಂತ. ನೆಲ ನೋಡಿಕೊಂಡು ಹೇಳಿದ: ಬೆಳಿಗ್ಗೆಯಿಂದ ಹುಳು ಹಣ್ಣಾಗಿ ಹರಿದಾಡುತ್ತಿವೆ, ಬಾಡಿಗೆಗೆ ಹೇಳಿದ್ದ ಚಂದ್ರಿಕೆಗಳು ಇನ್ನೊಂದು ಊರಿಗೆ ಹೋಗಿಬಿಟ್ಟಿವೆ, ಸುತ್ತಮುತ್ತ ಕೇಳದ ಮನೆಯಿಲ್ಲ.

ಕೇಸು ವಾಪಸ್ ತೆಗೆದರೆ ಕೊಡುತ್ತೇನೆ ಅನ್ನಿ ಎಂದು ನಾನು ಭಾವನ ಕಿವಿಯಲ್ಲಿ ಹೇಳಿದೆ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

“ನಮ್ಮವೂ ನಾಳೆ ಹಣ್ಣಾಯ್ತವೆ,” ಎಂದಳು ಅಕ್ಕ. “ಟಾರ್ಪಾಲ್ ಕೊಟ್ರಲ್ಲ, ಈ ವರ್ಸದ್ದು ಮುಗೀತು ಅನ್ಕಳ್ಳಿ.”

“ಅದು ನಾನಾಗಿ ಕೊಟ್ಟಿದ್ದು ಕಣಮ್ಮಿ. ಇದು ಕೇಳ್ತಾ ಇರೋದು.” ಆಮೇಲೆ, “ಆದ್ರೆ ಅಡುಗೆಮನೆ ಮಾಡು ನಿಂದು. ನೀನು ಬ್ಯಾಡ ಅಂದ್ರೆ ಕೊಡಕಿಲ್ಲ,” ಎಂದರು.

ಅಕ್ಕ ಅಡುಗೆಮನೆಯ ಕಡೆ ತಿರುಗಿ ಒಡೆದ ಶೀಟನ್ನು ನೋಡಿದಳು. ಗೇಟಿನಲ್ಲಿದ್ದವನನ್ನು ನೋಡಿದಳು. ಅವನ ಅಂಗಿಯ ತೋಳಿನ ಮೇಲೆ ಒಂದು ಹುಳು ಅಂಟಿಕೊಂಡು ತಲೆ ಆಡಿಸುತ್ತಿತ್ತು.

“ಅರ್ಧ,” ಎಂದಳು. “ಒಂದೂ ಜಾಸ್ತಿ ಇಲ್ಲ.”

ಮಾರನೆಯ ದಿನ ನಮ್ಮ ಹುಳುಗಳೂ ಹಣ್ಣಾದವು. ಅರ್ಧಕ್ಕೆ ಚಂದ್ರಿಕೆಯಿತ್ತು. ಉಳಿದವಕ್ಕೆ ತೆಂಗಿನ ಗರಿ, ಒಣ ಕಡ್ಡಿಗಳನ್ನು ನಾನು ಸಾಲಾಗಿ, ಅಳತೆಗೆ ಸರಿಯಾಗಿ ಕಟ್ಟಿಕೊಟ್ಟೆ. ಹುಳುಗಳು ನನ್ನ ಶಿಸ್ತಿಗೆ ಮರ್ಯಾದೆ ಕೊಡಲಿಲ್ಲ. ಗೂಡುಗಳು ಸೊಟ್ಟಗಾದವು, ಕಸ ಅಂಟಿತು. ಎರಡೆರಡು ಹುಳು ಸೇರಿ ಒಂದೇ ಗೂಡು ಕಟ್ಟಿಕೊಂಡವೂ ಇದ್ದವು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ರಾಶಿಗೆ ಕೈ ಹಾಕಿ, ಮುಖ ಕಿವಿಚಿ ಮುಂದೆ ಹೋದರು. ಕೊನೆಗೆ ಕೇಳಿದ ರೇಟಿಗೆ ಕೊಟ್ಟು ಬಂದೆವು. ಮಾಡಿನ ಮಾತು ನಿಂತಿತು.

ಪಕ್ಕದವನು ಚಂದ್ರಿಕೆಗಳನ್ನು ತೊಳೆದು ಒಣಗಿಸಿ ತಂದಿಟ್ಟ. ಒಂದು ಮುರಿದಿತ್ತು. ಅವನ ಬೆಳೆ ಚೆನ್ನಾಗಿ ಬಂದಿತ್ತು. ಆ ದುಡ್ಡಿನಲ್ಲಿ ಇನ್ನೂ ಒಳ್ಳೆಯ ವಕೀಲರನ್ನು ಹಿಡಿದನೆಂದು ಆಮೇಲೆ ತಿಳಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ ಹತ್ತಿ ಹೋಗಿ ಭಾವನಿಗೆ ಹೇಳಿದೆ.

“ನಾನು ಕೊಟ್ಟಿದ್ದು ಚಂದ್ರಿಕೆ ಬಾಮೈದ,” ಎಂದರು. “ಕೇಸ್ ಬಿಡ್ಲಿ ಅಂತ ಕೊಟ್ಟಿದ್ರೆ ಅದು ಯಾಪಾರ ಆಗೋದು. ಯಾಪಾರದಲ್ಲಿ ನಂಗೆ ಯಾವತ್ತೂ ಲಾಸೇ.” ಹೊಟ್ಟೆ ಅಲುಗಿತು, ಭುಜ ಅಲುಗಿತು. ಸಿಟ್ಟು ಮಾಡಿಕೊಂಡು ಹೋಗಿದ್ದ ನಾನು, ಸದ್ದು ಬರುವ ಮೊದಲೇ ನಕ್ಕುಬಿಟ್ಟೆ.

ಆ ಮಳೆಗಾಲವೆಲ್ಲ ಅಕ್ಕ ಮುದ್ದೆ ತೊಳಸುತ್ತಿದ್ದರೆ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತವರು ಭಾವ. ಕೊಡೆ ಸ್ವಲ್ಪ ವಾಲಿದರೂ ಬೈಸಿಕೊಳ್ಳುತ್ತಿದ್ದರು. ಬೈಸಿಕೊಂಡು, “ಒಸಿ ಈ ಕಡೆ ಬಾ, ನೀನೇ ಆಚೆ ಹೋಗಿದ್ದೀಯ,” ಎನ್ನುತ್ತಿದ್ದರು. ಮಾಡು ಬಂದದ್ದು ಎಷ್ಟೋ ಬೆಳೆಗಳ ನಂತರ. ಅದಕ್ಕೂ ಮೊದಲು ತೀರ್ಪು ಬಂದು, ಬದು ಪಕ್ಕದವನ ಪಾಲಾಗಿತ್ತು.

ಹೋದ ವರ್ಷ ಭಾವ ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಮಣ್ಣು ಮಾಡುವಾಗ ಪಕ್ಕದ ತೋಟದವನೂ ಬಂದು ಒಂದು ಹಿಡಿ ಮಣ್ಣು ಹಾಕಿ ಹೋದ.

ಮೊನ್ನೆಯ ಬೆಳೆಗೆ ಅವನು ಮತ್ತೆ ಗೇಟಿನಲ್ಲಿ ನಿಂತಿದ್ದ. ಈ ಸಲ ತನಗೆ ಬೆಳೆ ಜಾಸ್ತಿ, ಚಂದ್ರಿಕೆ ಸಾಲದು ಎಂದ. ಅಕ್ಕ ಅವನನ್ನು ಚೆನ್ನಾಗಿ ಬೈದಳು. ಬದು, ಕೋರ್ಟು, ವಕೀಲ, ಮುರಿದ ಚಂದ್ರಿಕೆ, ನೆನೆದ ಒಲೆ, ಯಾವುದನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಬೈದು ಮುಗಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಳುಮನೆಯೊಳಗೆ ಹೋದಳು.

“ಏನ್ ನೋಡ್ತಾ ನಿಂತಿದ್ದೀಯೋ,” ಎಂದು ಒಳಗಿನಿಂದ ನನ್ನನ್ನು ಕೂಗಿದಳು. “ಬಂದು ಆ ಕಡೆ ಹಿಡ್ಕೊ.”

ಕೊಟ್ಟದ್ದು ವಾಪಸ್ ಬರುವವರೆಗೆ ನಿದ್ದೆ ಬಾರದ ಮನುಷ್ಯ ನಾನು. ಆದರೂ ಹೋಗಿ ಚಂದ್ರಿಕೆಯ ಇನ್ನೊಂದು ತುದಿ ಹಿಡಿದೆ. ಅಕ್ಕ ಮುಂದೆ, ನಾನು ಹಿಂದೆ, ಒಂದು ಕಾಲಕ್ಕೆ ನಮ್ಮದಾಗಿದ್ದ ಬದುವನ್ನು ದಾಟಿ, ಅವನ ಹುಳುಮನೆಯ ಬಾಗಿಲ ತನಕ ಹೊತ್ತುಕೊಂಡು ಹೋದೆವು.