ಮೈಕಣ್ಣನ ದವಡೆ ಹಲ್ಲು

ತರಕಾರಿ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವವನನ್ನು ಎಲ್ಲರೂ ಮೈಕಣ್ಣ ಎಂದೇ ಕರೆಯುತ್ತಿದ್ದರು. ಅವನು ಮೈಕು ಹಿಡಿದವನೇ ಅಲ್ಲ; ಅದರ ಅಗತ್ಯವೇ ಬೀಳದಂಥ ಗಂಟಲು. ಕೋಸಿನ ಮೂಟೆಗಳ ಮೇಲೆ ನಿಂತು ಅವನು ಬಾಯಿ ತೆರೆದರೆ ಗೇಟಿನಾಚೆ ಲಾರಿಗಳಲ್ಲಿ ಮಲಗಿದ್ದ ಡ್ರೈವರುಗಳು ಎದ್ದು ಕೂರುತ್ತಿದ್ದರು. ಮನೆಯಲ್ಲೂ ಅದೇ ದನಿ. ಉಪ್ಪು ಕೇಳಿದರೂ ಹರಾಜಿಗಿಟ್ಟ ಹಾಗಿರುತ್ತಿತ್ತು.

ಇಂಥ ಬಾಯಿಯೊಳಗೆ, ಕೆಳಗಡೆ ಬಲಕ್ಕೆ, ಒಂದು ದವಡೆ ಹಲ್ಲು ಹುಳುಕಾಗಿತ್ತು. ಅದಕ್ಕೆ ಮೈಕಣ್ಣ ಕಂಡುಕೊಂಡ ಚಿಕಿತ್ಸೆಯೆಂದರೆ ಎಡಗಡೆ ಅಗಿಯುವುದು. ನೋವು ಕಿವಿಯವರೆಗೆ ಹತ್ತಿದಾಗ ಲವಂಗ ಕಚ್ಚಿದ. ಅದಕ್ಕೂ ಬಗ್ಗದಾಗ, ಅತ್ತೆಯ ಕೆಮ್ಮಿಗೆಂದು ತಂದು ಮಿಕ್ಕಿದ್ದ ಮಾತ್ರೆಗಳನ್ನು ಕಪಾಟಿನಿಂದ ತೆಗೆದು ನುಂಗಿದ.

"ರೀ, ಹಲ್ಲಿನ ಡಾಕ್ಟ್ರ ಹತ್ರ ಹೋಗ್ಬಾರ್ದಾ?" ಎಂದಳು ಹೆಂಡತಿ.

"ಅವರ ಕೈಗೆ ಬಾಯಿ ಕೊಟ್ರೆ ಮುಗೀತು. ಒಂದು ಹಲ್ಲಿಗೆ ಹೋದವ್ನು ಬೊಚ್ಚುಬಾಯಿ ಮಾಡ್ಕೊಂಡು ಬರ್ತಾನೆ. ನಿಮ್ಮಮ್ಮನ್ನೇ ನೋಡು."

ಅತ್ತೆ ಅಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದರು. ಅವರ ಬಾಯಲ್ಲಿದ್ದದ್ದು ಕಟ್ಟಿಸಿಕೊಂಡ ಹಲ್ಲು. "ನನ್ನ ಹಲ್ಲು ಹೋಗಿದ್ದು ಡಾಕ್ಟ್ರಿಂದ ಅಲ್ಲ ಅಳಿಯಂದ್ರೇ, ನಿಮ್ ಹಾಗೇ ಸುಮ್ನೆ ಕೂತಿದ್ದಕ್ಕೆ," ಎಂದರು. ಮೈಕಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ನೋವು ಇದ್ದಕ್ಕಿದ್ದಂತೆ ಮಾಯವಾಯಿತು. ಮೈಕಣ್ಣ ಮಾರುಕಟ್ಟೆಗೆಲ್ಲ ಸಾರಿದ: "ಹಲ್ಲಿಗೂ ಒಂದು ಭಯ ಇರ್ಬೇಕು. ಗದರಿಸ್ದೆ, ತೆಪ್ಪಗೆ ಕೂತ್ಕೊಳ್ತು." ಮೂಲವ್ಯಾಧಿಯನ್ನೂ ಹೀಗೆ ಗದರಿಸಬಹುದೇ ಎಂದು ಹಮಾಲನೊಬ್ಬ ಗಂಭೀರವಾಗಿ ವಿಚಾರಿಸಿದ.

ಕೆಲವು ವಾರಗಳ ಮೇಲೆ ಕೆನ್ನೆಯೊಳಗೆ ಆಲೂಗಡ್ಡೆ ಬಚ್ಚಿಟ್ಟುಕೊಂಡವನಂತೆ ಮೈಕಣ್ಣನ ಮುಖ ಊದಿತು. ಮೈ ಸುಡುತ್ತಿತ್ತು. ಬಾಯಿ ಚಮಚದ ತುದಿ ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಆದರೂ ಹಟ ಬಿಡದೆ ಹೋಗಿ ಮೂಟೆ ಹತ್ತಿದ. "ಮ್ಮೂ" ಎಂಬ ಸದ್ದು ಹೊರಟಿತು.

"ಇವತ್ತು ತರಕಾರಿನೋ, ಎಮ್ಮೆನೋ?" ಎಂದ ಒಬ್ಬ ವ್ಯಾಪಾರಿ. ಎಲ್ಲರೂ ನಕ್ಕರು. ಮೈಕಣ್ಣ ತಲೆಸುತ್ತಿ ಮೂಟೆಯ ಮೇಲೇ ಕುಸಿದ. ಹಮಾಲರು ಅವನನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದರು.

ಅತ್ತೆ ಮುಖ ನೋಡಿದರು. "ಉಗುಳು ನುಂಗೋಕಾಗ್ತಿದ್ಯಾ?"

ಇಲ್ಲವೆಂದು ತಲೆಯಾಡಿಸಿದ.

"ಹಾಗಾದ್ರೆ ಆಟೋ ಇಳೀಬೇಡಿ. ವಾದ ಮಾಡೋ ಹಾಗಿಲ್ಲ. ಹೇಗೂ ನಿಮ್ಮಿಂದ ಆಗೋದೂ ಇಲ್ಲ."

ದೊಡ್ಡಾಸ್ಪತ್ರೆಯ ದಂತ ವಿಭಾಗದ ಡಾಕ್ಟರು ಮೈಕಣ್ಣನ ಭುಜಕ್ಕೂ ಬರದ ಹೆಣ್ಣುಮಗಳು. ಅಳಿಯ ಹಲ್ಲನ್ನು ಗದರಿಸಿದ ಕಥೆಯನ್ನೂ ಅತ್ತೆ ಬಿಡದೆ ಒಪ್ಪಿಸಿದರು.

"ಹಲ್ಲು ಹೆದರಿರ್ಲಿಲ್ಲ," ಎಂದರು ಡಾಕ್ಟರು. "ಒಳಗಿನ ನರ ಸತ್ತುಹೋಗಿತ್ತು, ಅದಕ್ಕೇ ನೋವು ನಿಂತಿದ್ದು. ಸೋಂಕು ಮಾತ್ರ ಬೇರಿನ ಕೆಳಗೆ ಬೆಳೀತಾನೇ ಇತ್ತು."

"ನನ್ನ ಮಾತ್ರೆ ಬೇರೆ ನುಂಗಿದ್ರು," ಎಂದರು ಅತ್ತೆ.

"ಇನ್ನೊಬ್ಬರ ಮಾತ್ರೆ ನುಂಗಲೇಬಾರ್ದು. ಸರಿಯಾದ ಮಾತ್ರೇನೇ ಆದ್ರೂ ಅದೊಂದ್ರಿಂದ ಆಗಲ್ಲ, ಕೀವು ಹೊರಗೆ ಬರ್ಬೇಕು. ಮೊದಲೇ ಬಂದಿದ್ರೆ ಬೇರಿನ ಚಿಕಿತ್ಸೆ ಮಾಡಿ ಹಲ್ಲು ಉಳಿಸಬಹುದಿತ್ತು. ಈಗ ಕೀಳ್ಬೇಕು. ಊತ ಕತ್ತಿಗೆ ಇಳಿದಿದ್ರೆ ಉಸಿರೇ ಕಟ್ತಿತ್ತು."

ಮೈಕಣ್ಣ ಅತ್ತೆಯ ಕೈ ಹಿಡಿದುಕೊಂಡ. ಮದುವೆಯಾದಾಗಿನಿಂದ ಅವರ ಕೈ ಮುಟ್ಟಿದ್ದು ಅದೇ ಮೊದಲು.

ಕೀವು ಹರಿದಾಗ ಎದ್ದ ನಾತಕ್ಕೆ ನರ್ಸು ಕಿಟಕಿ ತೆರೆದಳು. ಹಲ್ಲು ಬಂತು. ಡ್ರಿಪ್ಪು ಹಾಕಿ ವಾರ್ಡಿನಲ್ಲಿ ಮಲಗಿಸಿದರು. ನೋವು ಇಳಿದ ಸುಖಕ್ಕೆ ಮೈಕಣ್ಣ ಮಗುವಿನ ಹಾಗೆ ಅತ್ತ. ಮನೆಗೆ ಕಳಿಸುವಾಗ ಡಾಕ್ಟರು, ಗಾಯ ಮಾಯುವವರೆಗೆ ಕೂಗಾಟ ಕೂಡದೆಂದರು. ಹೆಂಡತಿ ಅದನ್ನು ಅವರ ಬಾಯಿಂದ ಎರಡೆರಡು ಸಲ ಹೇಳಿಸಿದಳು.

ಆದರೆ ತರಕಾರಿ ಕಾಯುವುದಿಲ್ಲ. ಮಾರನೆಯ ದಿನ ಮೈಕಣ್ಣ ಕೈಸನ್ನೆಯಲ್ಲೇ ಹರಾಜು ನಡೆಸಲು ಹೊರಟಾಗ ಅತ್ತೆಯೂ ಹೊರಟರು. ಸೊಪ್ಪಿನ ರಾಶಿಯ ಪಕ್ಕ ನಿಂತು, ಅವನ ಬೆರಳು ನೋಡಿ ಬೆಲೆ ಕೂಗತೊಡಗಿದರು. ಭರದಲ್ಲಿ ಮೇಲಿನ ಹಲ್ಲಿನ ಸೆಟ್ಟು ಹಾರಿ ಮೆಂತ್ಯದ ಕಟ್ಟುಗಳ ಮೇಲೆ ಬಿತ್ತು. ಅತ್ತೆ ಎತ್ತಿಕೊಂಡು, ನೀರಲ್ಲಿ ತೊಳೆದು, ಬಾಯಿಗೆ ಸೇರಿಸಿ, "ಇದು ಮಾರಾಟಕ್ಕಿಲ್ಲ. ಮೆಂತ್ಯ ಯಾರಿಗೆ?" ಎಂದರು. ಇಡೀ ಮಾರುಕಟ್ಟೆ ಶಿಳ್ಳೆ ಹೊಡೆಯಿತು. ಮೆಂತ್ಯಕ್ಕೆ ಅಷ್ಟು ಬೆಲೆ ಯಾವತ್ತೂ ಬಂದಿರಲಿಲ್ಲ.

ಮೈಕಣ್ಣನ ಬಾಯಿ ವಾಸಿಯಾಗಿ, ಲಾರಿಯವರ ನಿದ್ದೆ ಮತ್ತೆ ಕೆಟ್ಟಿತು. ಸೊಪ್ಪಿನ ಹರಾಜು ಮಾತ್ರ ಅತ್ತೆಗೇ ಉಳಿಯಿತು. ಆ ಹೊತ್ತಿನಲ್ಲಿ ಮೈಕಣ್ಣ ಕಟ್ಟುಗಳನ್ನು ಎತ್ತಿ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿರುತ್ತಾನೆ.