ಮಗುಚಿದ ಕಾಗದದ ಎಡಗೈ

ಲಾರಿ ಬಾಗಿಲಿಗೆ ಬರೆಯುವ ಹುಲಿ ಎರಡು ಕಡೆಯೂ ಮುಂದಕ್ಕೇ ನೋಡಬೇಕು. ಹಿಂದಕ್ಕೆ ನೋಡುವ ಹುಲಿಯನ್ನು ಯಾವ ಓನರೂ ಒಪ್ಪುವುದಿಲ್ಲ. ಅದಕ್ಕೆಂದು ಎರಡು ಸಲ ಬರೆಯುತ್ತಾ ಕೂರಬೇಡಿ. ಗೆರೆಯುದ್ದಕ್ಕೂ ಸೂಜಿ ಚುಚ್ಚಿದ ಕಾಗದವನ್ನು ಒಂದು ಬಾಗಿಲಿಗಿಟ್ಟು ಬಣ್ಣದ ಪುಡಿ ಒತ್ತಿ. ಅದನ್ನೇ ಮಗುಚಿ ಇನ್ನೊಂದಕ್ಕಿಡಿ. ಶಂಕಗಿರಿಯಲ್ಲಿ ನಾನು ಲಾರಿ ಪೇಂಟಿಂಗಿನ ಸ್ವಂತ ಶೆಡ್ ಹಾಕಿದ್ದೇ ಇಂಥ ಯುಕ್ತಿಗಳಿಂದ.

ಹೋದ ವರ್ಷ ಪೆನ್ನಾಗರಂ ಕಡೆಯ ನಾಟಕದ ಮೇಷ್ಟ್ರೊಬ್ಬರು ಬಂದರು, ನಮ್ಮ ಕಡೆ ವಾದ್ಯಾರರು ಅನ್ನುತ್ತೇವೆ. ನಲವತ್ತು ವರ್ಷ ಊರೂರ ನಾಟಕಗಳಿಗೆ ಹಾಡು ಕಟ್ಟಿದವರು. ಆ ಹಾಡುಗಳು ನಮ್ಮ ಡ್ರೈವರ್‌ಗಳ ಬಾಯಲ್ಲೂ ಇವೆ. ಆದರೆ ಪರದೆಯ ಮರೆಯಲ್ಲಿ ಹಾರ್ಮೋನಿಯಂ ಹಿಡಿದು ಕೂತವರ ಮುಖ ಯಾರಿಗೆ ಗೊತ್ತು? ಈಗ ಅವರ ನಾಟಕ ತಂಡದವರು ಸನ್ಮಾನ ಇಟ್ಟುಕೊಂಡಿದ್ದರು.

"ಒಂದು ಫೋಟೋನೂ ಇಲ್ಲ ಕಣಪ್ಪ. ನನ್ನ ಕತೆ ಚಿತ್ರದಾಗೆ ಬರ್ದುಕೊಡು. ಈ ಹಾಡೆಲ್ಲ ಕಟ್ಟಿದೋನು ಇವನೇ ಅಂತ ಒಂದಿನಾನಾದ್ರೂ ಜನ ನೋಡ್ಲಿ."

ಹನ್ನೆರಡು ಚಿತ್ರ ಕೇಳಿದರು, ಆರಕ್ಕೆ ಇಳಿಸಿದೆ. ವೇದಿಕೆಯ ಎಡಕ್ಕೆ ಮೂರು, ಬಲಕ್ಕೆ ಮೂರು. ಗುರುವಿನ ಮುಂದೆ ಪಾಠ, ಮೊದಲ ನಾಟಕ, ಹೊಗೆನಕಲ್‌ನ ಹರಿಗೋಲಿನಲ್ಲೇ ಹಾಡು ಕಟ್ಟಿದ್ದು, ಹೀಗೆ. ಹಾರ್ಮೋನಿಯಂ ಮುಂದೆ ಕೂತ ಭಂಗಿ ಒಂದೇ ಆದ್ದರಿಂದ ಒಂದೇ ಕಾಗದ. ಕೂದಲು, ಮೀಸೆ ಮಾತ್ರ ಬೇರೆ.

ಸನ್ಮಾನದ ದಿನ ಮಧ್ಯಾಹ್ನ ಚಿತ್ರದ ಹಲಗೆಗಳನ್ನು ನಿಲ್ಲಿಸಿದೆ. ವಾದ್ಯಾರರು ಎಡಸಾಲಿನ ಮುಂದೆ ನಿಂತುಬಿಟ್ಟರು.

"ಏನ್ಲಾ ಇದು? ಎಡಗೈಲಿ ಬಾರಿಸ್ತಾ ಇವ್ನೆ, ಬಲಗೈಲಿ ಗಾಳಿ ಆಕ್ತಾ ಇವ್ನೆ! ಯಾರ್ಲಾ ಇವನು?"

"ನೀವೇ ವಾದ್ಯಾರೇ. ಕೈಯೆಲ್ಲ ಯಾರು ನೋಡ್ತಾರೆ?"

"ನನ್ನ ತಂಡದೋರು ನಲವತ್ತು ವರ್ಸ ನೋಡಿರೋದೇ ಈ ಕೈನ. ಸಾಯಂಕಾಲ ನಕ್ಕುಬಿಡ್ತಾರೆ."

ಆಗ ಮಗುಚಿದ ಕಾಗದ ನೆನಪಾಯಿತು. ಎರಡು ಸಾಲೂ ವೇದಿಕೆಯ ಕಡೆ ನೋಡಲೆಂದು ಹುಲಿಗೆ ಮಾಡಿದ್ದನ್ನೇ ಇವರಿಗೂ ಮಾಡಿದ್ದೆ! ಮನುಷ್ಯರನ್ನು ಬರೆಯುವವರು ಯಾವ ಕೈ ಎಂದು ಮೊದಲೇ ಕೇಳಿಕೊಳ್ಳಿ. ನಾನಂತೂ ಚೌಕಾಸಿಗೆ ಇಳಿದೆ.

"ಮೂರೂ ತಿದ್ದಕ್ಕೆ ಹೊತ್ತಿಲ್ಲ. ಎರಡು ತಿದ್ತೀನಿ, ಒಂದು ಬಿಟ್ಟುಬಿಡಿ."

ಅವರು ಮೂರನ್ನೂ ಮತ್ತೆ ನೋಡಿದರು. ಪಾಠದ ಚಿತ್ರದ ಮುಂದೆ ನಗು ಬಂತು.

"ಇದನ್ನ ಮುಟ್ಬೇಡ. ಗುರು ಎದುರಿಗೆ ಕೂತು, ಅವರ ಕೈ ಯಾವ ಕಡೆ ಐತೋ ಆ ಕಡೆ ಕೈನೇ ಇಟ್ಟು, ಕನ್ನಡೀಲಿ ಕಂಡಂಗೆ, ಒಂದು ತಿಂಗಳು ಇಂಗೇ ಬಾರ್ಸಿದೀನಿ. ಬೆರಳಿಗೆ ಏಟು ಬಿದ್ಮೇಲೇ ಬಲಗೈಗೆ ಬಂದಿದ್ದು."

"ಅದು ಗೊತ್ತಿದ್ದೇ ಬರ್ದೆ."

"ಬಾಯ್ಮುಚ್ಕೊಂಡು ಬ್ರಷ್ ಹಿಡ್ಕೊಳ್ಲಾ."

ಸಂಜೆ ಜನ ಬಂದಾಗ ತಿದ್ದಿದ ಕೈಗಳು ಇನ್ನೂ ಹಸಿಯಾಗಿದ್ದವು. ವಾದ್ಯಾರರು ಬಂದವರನ್ನೆಲ್ಲ ಪಾಠದ ಚಿತ್ರದ ಹತ್ತಿರ ಕರೆದೊಯ್ದು ಎಡಗೈಯ ಕತೆ ಹೇಳಿದರು. ಕೇಳಿದವರು ಚಿತ್ರ ಬಿಟ್ಟು ಅವರ ಮುಖವನ್ನೇ ನೋಡುತ್ತಾ ನಕ್ಕರು. ಭಾಷಣ ಶುರುವಾಗಲು ಒಂದು ಗಂಟೆ ತಡವಾಯಿತು.