ದೇವದಾನಪ್ಪನವರ ಬಳಿಗೆ ಬರುತ್ತಿದ್ದವರು

ದರ್ಶನ ಕಂಡೆ, ಧ್ವನಿ ಕೇಳಿದೆ ಎಂದು ಸಭೆಯಲ್ಲಿ ಯಾರಾದರೂ ಸಾಕ್ಷಿ ಹೇಳಲು ಎದ್ದು ನಿಂತರೆ ನಾನು ಗಡಿಯಾರ ನೋಡುತ್ತಿದ್ದೆ. ಹುಟ್ಟು ಕ್ರೈಸ್ತನಾದರೂ ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಪಾಪ, ರಾತ್ರಿ ನಿದ್ದೆ ಸರಿಯಾಗಿಲ್ಲ ಎಂದುಕೊಳ್ಳುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂದೇನೂ ಇಲ್ಲ.

ಕೋಲ್ಕತ್ತಕ್ಕೆ ವರ್ಗವಾಗಿ ಬಂದ ಮೇಲೆ, ಲೇಕ್ ಗಾರ್ಡನ್ಸ್‌ನ ನಮ್ಮ ಫ್ಲ್ಯಾಟಿನಲ್ಲಿ ತಿಂಗಳಿಗೊಮ್ಮೆ ಕನ್ನಡ ಕ್ರೈಸ್ತ ಕುಟುಂಬಗಳು ಸೇರುತ್ತಿದ್ದವು. ಪ್ರಾರ್ಥನೆ ನಡೆಸುವವನು ನಾನು. ಕೆಲವರಿಗೆ ಹಾಡು ಬರುವಂತೆ ನನಗೆ ಪ್ರಾರ್ಥನೆ ಬರುತ್ತಿತ್ತು. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಒಂದು ಕ್ಷಣ ತಡೆಯಬೇಕು, ಎಲ್ಲ ಗೊತ್ತಿತ್ತು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರೆಲ್ಲ ಹೊರಟುಹೋದ ಮೇಲೆ, ಮುಂದಿನ ಕೂಟದವರೆಗೆ ನಾನು ದೇವರ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ.

ಕೂಟಕ್ಕೆ ಬರುತ್ತಿದ್ದವರಲ್ಲಿ ದೇವದಾನಪ್ಪ ಒಬ್ಬರು. ಧಾರವಾಡದ ಕಡೆಯವರು. ಗಾರ್ಡನ್ ರೀಚ್‌ನಲ್ಲಿ ಹಡಗು ಕಟ್ಟುವ ಕೆಲಸದಲ್ಲಿ ವೆಲ್ಡರ್ ಆಗಿದ್ದು ನಿವೃತ್ತರಾದವರು. ಹಿಂದೆ ಕೂತು, ಬಾಯಿ ಬಿಡದೆ ಎದ್ದು ಹೋಗುತ್ತಿದ್ದರು. ಅವರು ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದಾಗ ಹೆಂಡತಿ ಸುಗುಣಮ್ಮ ಫೋನ್ ಮಾಡಿದರು. ‘ದಿನಾ ಪ್ರಾರ್ಥನೆ ಮಾಡ್ತೀನಿ, ಬಂದು ನೋಡ್ತೀನಿ’ ಎಂದೆ. ಊಟ ಆಯ್ತಾ ಎಂದು ಕೇಳಿದಷ್ಟೇ ಸಲೀಸಾಗಿ ಅಂದೆ. ಆರು ವಾರ ಕಳೆಯಿತು. ಹೋಗಲಿಲ್ಲ, ಪ್ರಾರ್ಥಿಸಲೂ ಇಲ್ಲ. ಬೆಳಿಗ್ಗೆ ಎದ್ದು, ಸೂರ್ಯೋದಯದ ಚಿತ್ರದ ಮೇಲೆ ಬೈಬಲ್ ವಚನ ಬರೆದಿರುತ್ತಾರಲ್ಲ, ಅದನ್ನು ಸುಗುಣಮ್ಮನವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದೆ.

ಇನ್ನು ಹೆಚ್ಚು ದಿನವಿಲ್ಲ ಎಂದು ಗೊತ್ತಾದಾಗ, ಹೋಗದಿದ್ದರೆ ಜನ ಏನೆಂದಾರು ಎಂದು ಒಂದು ಶನಿವಾರ ಹೋದೆ. ನಾಲ್ಕೂವರೆ ಆಗಿತ್ತು. ವಾರ್ಡಿನ ಬಾಗಿಲಲ್ಲಿದ್ದ ಆಯಾ, ನಾನು ಎಂದೂ ನೋಡಿರದ ಬಂಗಾಲಿ ಹೆಂಗಸು, ನಕ್ಕು ‘ಆಜ್ ದೇರ್ ಹೋ ಗಯಾ, ದಾದಾ?’ ಎಂದಳು. ಬೇರೆ ಯಾರೋ ಎಂದುಕೊಂಡಿರಬೇಕೆಂದು ಒಳಗೆ ಹೋದೆ. ಸುಗುಣಮ್ಮ ಎದ್ದು ನಿಂತರು.

‘ಇವತ್ತ ತಡಾ ಆತಲ್ರೀ. ನಾಲ್ಕಕ್ಕ ಬರತೀರಿ ಅಂತ ದಾರಿ ನೋಡಾಕತ್ತಿದ್ರು.’

ಹೀಗೆಂದು ಮಂಚದ ಪಕ್ಕ ನೆಲದ ಮೇಲೆ ಒಂದು ಟವೆಲ್ ಮಡಿಸಿ ಹಾಸಿದರು. ‘ದಿನಾ ಮೊಣಕಾಲು ಊರತೀರಲ್ರೀ, ನೆಲಾ ತಣ್ಣಗ ಐತಿ’ ಎಂದರು.

ಸುಗುಣಮ್ಮ ನನ್ನನ್ನು ಮೂರು ವರ್ಷದಿಂದ ಬಲ್ಲವರು. ನಾನು ಬಂದೇ ಇಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಆ ಟವೆಲ್ಲಿನ ಮೇಲೆ ಮೊಣಕಾಲೂರಿ, ಕೂಟದಲ್ಲಿ ಮಾಡುವಂತೆಯೇ ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿದೆ. ಎರಡು ವಾಕ್ಯ ಆಗಿರಬಹುದು. ದೇವದಾನಪ್ಪ ಆಮ್ಲಜನಕದ ಮಾಸ್ಕ್ ಸರಿಸಿ ನನ್ನನ್ನು ಬಹಳ ಹೊತ್ತು ನೋಡಿದರು.

‘ಇವರಲ್ಲ’ ಎಂದರು.

‘ಅವರ ಅದಾರ ನೋಡ್ರಿ’ ಎಂದರು ಸುಗುಣಮ್ಮ.

‘ಮಾರಿ ಅವರದ ಐತಿ. ಆದ್ರ ಇವರಲ್ಲ. ಅವರು ಮಾತಾಡೂದಿಲ್ಲ.’

ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ಸುಗುಣಮ್ಮ ಕಣ್ಣು ಮುಚ್ಚಿ ಕೈಜೋಡಿಸಿ ನಿಂತಿದ್ದರು. ಆಮೆನ್‌ವರೆಗೂ ಹೇಳಿ ಮುಗಿಸಿದೆ. ಸೋಮವಾರ ದೇವದಾನಪ್ಪ ತೀರಿಕೊಂಡರು.

ಸಮಾಧಿಯ ಬಳಿ ಸುಗುಣಮ್ಮ ಎಲ್ಲರ ಮುಂದೆ, ‘ಆರು ವಾರ ಒಂದ ದಿನಾನೂ ತಪ್ಪಿಸಲಿಲ್ಲ ಇವರು’ ಎಂದರು. ನಾನು ತಲೆ ತಗ್ಗಿಸಿದೆ. ಜನ ಅದನ್ನು ನಮ್ರತೆ ಎಂದುಕೊಂಡರು.

ಸಾಯುವವರಿಗೆ ಭ್ರಮೆಯಾಗಬಹುದು. ಹೆಂಡತಿಗೆ? ಆಯಾಳಿಗೆ? ಕಚೇರಿಯ ಹಾಜರಿ ತೆಗೆದು ನೋಡಿದೆ. ಕೆಲಸದ ದಿನಗಳಲ್ಲೆಲ್ಲ ನಾಲ್ಕು ಗಂಟೆಗೆ ನಾನು ನನ್ನ ಕುರ್ಚಿಯಲ್ಲೇ ಇದ್ದೆ. ಅವರನ್ನು ಸಂತೈಸಲು ದೇವರು ಯಾರನ್ನೋ ಕಳಿಸಿದನೆಂದರೆ, ನನ್ನ ಮುಖವೇ ಏಕೆ ಬೇಕಾಗಿತ್ತು?

ಆಮೇಲೆ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಮಾತಿಲ್ಲದೆ ಮೊಣಕಾಲೂರಿರಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಎರಡು ನಿಮಿಷವೂ ಆಗುವುದಿಲ್ಲ. ವಾಕ್ಯಗಳು ತಾವಾಗಿ ಬಂದು ನಿಲ್ಲುತ್ತವೆ. ಕೇಳುವವರು ಯಾರೂ ಇಲ್ಲದಿದ್ದರೂ ದನಿ ತಗ್ಗಬೇಕಾದಲ್ಲಿ ತಗ್ಗುತ್ತದೆ. ಅದರ ಕೆಳಗೆ ಹುಡುಕಿದರೆ ಏನೂ ಇಲ್ಲ. ಈ ವಯಸ್ಸಿನಲ್ಲಿ ಇನ್ನು ಏನಾದರೂ ಹುಟ್ಟೀತು ಎಂಬ ಆಸೆಯೂ ನನಗಿಲ್ಲ.

ಇನ್ನೊಂದು ಮಾತು ಹೇಳಬೇಕು. ಮಣ್ಣು ಮಾಡಿದ ಎರಡು ವಾರಕ್ಕೆ, ತಡೆಯಲಾರದೆ, ಆಯಾಳನ್ನೇ ಕೇಳೋಣವೆಂದು ಆ ಆಸ್ಪತ್ರೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ದೇವದಾನಪ್ಪನವರಿದ್ದ ಮಂಚ ತೋರಿಸಿದಳು. ಅಲ್ಲಿ ಯಾರೋ ಬಂಗಾಲಿ ಮುದುಕರು ಮಲಗಿದ್ದರು. ಅವರಿಗೆ ಮನೆಯವರು ಯಾರೂ ಇಲ್ಲ, ದಿನಾ ಬರುವವರು ನೀವೊಬ್ಬರೇ, ನಿನ್ನೆ ನೀವು ಹೋದ ಮೇಲೆ ಸ್ವಲ್ಪ ಗಂಜಿ ಕುಡಿದರು ಎಂದು ಹಿಂದಿಯಲ್ಲಿ ಹೇಳಿದಳು.

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಕಾಲು ಗಂಟೆಯಿತ್ತು. ಕಾಯಬಹುದಿತ್ತು. ನಾನು ಹಿಂದಿರುಗಿ, ಎದುರಿಗೆ ಹತ್ತಿ ಬರುವವರ ಮುಖಗಳನ್ನು ನೋಡದಂತೆ, ಗೋಡೆಯ ಬದಿ ಹಿಡಿದು ಬೇಗಬೇಗ ಮೆಟ್ಟಿಲಿಳಿದೆ.